ಉಪ್ಪಿನ ಕೊಳಕ್ಕೆ ಅಕ್ಕ ಇಳಿದ ಬೇಸಿಗೆ

ಅರವತ್ತು ದಾಟಿ ಎಷ್ಟೋ ವರ್ಷಗಳಾದ ಮೇಲೆ ಈಜು ಕಲಿಯುವ ತೀರ್ಮಾನವನ್ನು ನನ್ನ ಅಕ್ಕ ಪ್ರಕಟಿಸಿದ್ದು ಅಕ್ಕಿರೊಟ್ಟಿ ತಟ್ಟುತ್ತಿರುವಾಗ. ಪೂರ್ವಪೀಠಿಕೆ ಏನೂ ಇರಲಿಲ್ಲ. ಕಾವಲಿಯ ಮೇಲಿನ ರೊಟ್ಟಿಯನ್ನು ಮಗುಚಿ ಹಾಕಿ, "ಈ ಬ್ಯಾಸ್ಗೇಲಿ ನಾನು ಈಜು ಕಲ್ತ್‌ಬುಡ್ಬೇಕು ಅಂತ ಇದೀನಿ ಕಣೋ. ಮಳೆ ಹಿಡ್ಕಳದ್ರೊಳ್ಗೆ" ಅಂದಳು. ಅಂದವಳು ಮತ್ತೆ ರೊಟ್ಟಿಯ ಕಡೆಗೆ ತಿರುಗಿದಳು. ಎದುರಿಗೆ ಕೂತಿದ್ದ ಇಬ್ಬರು ಗಂಡಸರು, ಅಂದರೆ ಭಾವ ಮತ್ತು ನಾನು, ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ಅವಳ ಬೆನ್ನನ್ನೇ ನೋಡಿದೆವು.

ಈ ಆಸೆ ಅಂದು ಹುಟ್ಟಿದ್ದಲ್ಲ. ನಾವು ಬೆಳೆದದ್ದು ಆಲೂರಿನ ಕಡೆ, ಮನೆಯ ಹಿಂದೆಯೇ ಹೊಳೆ. ಗಂಡುಹುಡುಗರು ಈಜು ಕಲಿಯುವುದಕ್ಕೆ ಅಲ್ಲಿ ಯಾವ ಪಠ್ಯಕ್ರಮವೂ ಇರಲಿಲ್ಲ. ದೊಡ್ಡವರು ಯಾರಾದರೂ ಎತ್ತಿ ಎಸೆಯುತ್ತಿದ್ದರು, ನಾವು ಬದುಕಿ ಬರುತ್ತಿದ್ದೆವು. ಹೆಣ್ಣುಮಕ್ಕಳು ದಡದ ಬಂಡೆಯ ಮೇಲೆ ಕೂತು ನಮ್ಮ ಬಟ್ಟೆ ಕಾಯುತ್ತಿದ್ದರು, ಕರುಗಳು ಬಂದು ಅಂಗಿ ಮೇಯದ ಹಾಗೆ. ಅವರು ನೀರಿಗಿಳಿಯಬಾರದು ಎಂದು ಯಾರೂ ಬಾಯಿ ಬಿಟ್ಟು ಹೇಳಿದ್ದು ನನಗೆ ನೆನಪಿಲ್ಲ. ಇಳಿಯಿರಿ ಎಂದೂ ಯಾರೂ ಹೇಳಲಿಲ್ಲ. ಆಮೇಲೆ ಅಕ್ಕ ಮದುವೆಯಾಗಿ ಹೆಗ್ಗದ್ದೆಯ ಕಡೆಯ ಈ ತೋಟಕ್ಕೆ ಬಂದಳು. ಇಲ್ಲಿನ ಹಳ್ಳಗಳಲ್ಲಿ ಬೇಸಿಗೆಯಲ್ಲಿ ಹಿಮ್ಮಡಿ ನೆನೆಯುವಷ್ಟು ನೀರು, ಮಳೆಗಾಲದಲ್ಲಿ ಆನೆಯನ್ನೂ ಎಳೆದುಕೊಂಡು ಹೋಗುವಷ್ಟು. ಮನುಷ್ಯ ಈಜುವ ಪ್ರಮಾಣದ ನೀರು ಈ ಕಡೆ ಸಿಗುವುದೇ ಇಲ್ಲ.

ಈಗ ಆ ಪ್ರಮಾಣದ ನೀರು ಅವಳ ಅಡುಗೆಮನೆಯ ಹಿಂದೆಯೇ, ನೀಲಿ ಟೈಲ್ಸಿನ ಮಧ್ಯೆ ನಿಂತಿತ್ತು. ಭಾವ ತೋಟದ ಮನೆಯ ಒಂದು ಭಾಗವನ್ನು ಹೋಂಸ್ಟೇ ಮಾಡಿದ್ದರು. ಫೋನು ಮಾಡುವವರೆಲ್ಲ ಮೊದಲು ಈಜುಕೊಳ ಇದೆಯಾ ಅಂತ ಕೇಳಿ, ಆಮೇಲೆ ಮನೆ ಎಲ್ಲಿದೆ ಅಂತ ಕೇಳುತ್ತಿದ್ದರು. ಹೊಂಗಡಹಳ್ಳದ ಕಡೆಯ ಒಬ್ಬ ನೆಂಟರು ತಮ್ಮ ತೋಟದಲ್ಲಿ ಕೊಳ ಕಟ್ಟಿಸಿದ ಸುದ್ದಿ ಬಂದ ವಾರವೇ ಭಾವ ಗಾರೆಯವರನ್ನು ಕರೆಸಿದರು. ಕಾಫಿಹಣ್ಣು ತೊಳೆಯುತ್ತಿದ್ದ ಹಳೆಯ ಸಿಮೆಂಟ್ ತೊಟ್ಟಿಯನ್ನು ಒಡೆದು, ಅಗಲಿಸಿ, ಎದೆಮಟ್ಟದ ಆಳ ಮಾಡಿ, ಮೆಟ್ಟಿಲು ಕಟ್ಟಿ, ಬೆಟ್ಟದ ಒರತೆಯಿಂದ ಪೈಪು ಎಳೆದು ತುಂಬಿಸಿದ್ದಾಯಿತು. ನೀರನ್ನು ಸುತ್ತಿಸಿ ಸೋಸುವ ಒಂದು ಪಂಪೂ ಬಂತು. ಒರತೆಯ ನೀರು ಗಿಡಮೂಲಿಕೆಗಳ ಬೇರು ತೊಳೆದುಕೊಂಡು ಬರುವ ಔಷಧಿ ಎಂಬುದು ಭಾವನ ಪ್ರಚಾರ. ಅದು ಬೆಟ್ಟದ ಮೇಲೆ ಮೇಯುವ ಊರಿನ ಎಲ್ಲ ದನಗಳ ಬುಡವನ್ನೂ ತೊಳೆದುಕೊಂಡು ಬರುತ್ತದೆ ಎಂದು ನಾನು ವಿನಯದಿಂದ ನೆನಪಿಸಿದೆ. ದನವೂ ನೈಸರ್ಗಿಕವೇ ಎಂದು ಉತ್ತರ ಬಂತು.

ನನಗೆ ಈ ವಿಷಯದಲ್ಲಿ ಮಾತಾಡುವ ಹಕ್ಕು ಹೇಗೆ ಬಂತೆಂದರೆ, ನಾನು ಹಾಸನದ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸಿ ನಿವೃತ್ತನಾದವನು. ಕಣ್ಣಿಗೆ ಕಾಣದವುಗಳ ಜೊತೆ ಒಂದು ಜನ್ಮದ ಸಂಸಾರ. ಪ್ರತಿ ಬೇಸಿಗೆಯಲ್ಲಿ ಅಕ್ಕನ ಮನೆಗೆ ಬಂದು ತಿಂಗಳುಗಟ್ಟಲೆ ಕೂರುತ್ತೇನೆ. ಆ ಮನೆಯಲ್ಲಿ ನನ್ನ ಸ್ಥಾನಮಾನ ಗೌರವಾನ್ವಿತವಾದದ್ದು: ಯಾರಿಗೆ ಜ್ವರ ಬಂದರೂ, ಯಾವ ಹಾಲು ಒಡೆದರೂ ನನ್ನ ಅಭಿಪ್ರಾಯ ಕೇಳುತ್ತಾರೆ. ಕೇಳಿದ ಮೇಲೆ ತಮಗೆ ತೋಚಿದ್ದನ್ನು ಮಾಡುತ್ತಾರೆ.

ಉಪ್ಪಿನ ಪ್ರಕರಣ ಶುರುವಾದದ್ದು ಹೂಮಳೆ ಬಿದ್ದು ಕಾಫಿ ಬೆಳ್ಳಗೆ ಅರಳಿದ್ದ ವಾರದಲ್ಲಿ. ಮನೆಗೆ ಬಂದಿದ್ದ ಅತಿಥಿ ಹೆಂಗಸೊಬ್ಬರು ಕಾಫಿ ಕುಡಿಯುತ್ತ, ತಾವು ಹಿಂದೆ ಹೋಗಿದ್ದ ರೆಸಾರ್ಟಿನಲ್ಲಿ ಉಪ್ಪುನೀರಿನ ಕೊಳ ಇತ್ತು, ಕ್ಲೋರಿನ್ನಿನ ಗಾಟು ಇರಲಿಲ್ಲ, ಕಣ್ಣು ಉರಿಯಲಿಲ್ಲ ಎಂದು ಹೇಳಿದರು. ಇಷ್ಟು ಹೇಳುವ ಹೊತ್ತಿಗೆ ಭಾವನಿಗೆ ಫೋನು ಬಂತು. ಎದ್ದು ಹೋದರು. ಆಕೆ ಮುಂದೆ ಏನು ಹೇಳುವವರಿದ್ದರೋ ಅದು ಆಕೆಯಲ್ಲೇ ಉಳಿಯಿತು. ಕ್ಲೋರಿನ್ ಬೇಡ, ಉಪ್ಪು ಸುರಿದರೆ ಕೊಳದ ಹುಳವೆಲ್ಲ ಸಾಯುತ್ತದೆ ಎಂದು ತೀರ್ಮಾನಿಸಲು ಭಾವನಿಗೆ ಸಿಕ್ಕಷ್ಟೇ ಸಾಕಾಗಿತ್ತು, ಏಕೆಂದರೆ ಉಪ್ಪಿನ ಮಹಿಮೆಯನ್ನು ಅವರು ಯಾವುದೋ ರೆಸಾರ್ಟಿನವರಿಂದ ಕಲಿಯಬೇಕಾಗಿರಲಿಲ್ಲ.

ಘಟ್ಟದಂಚಿನ ತೋಟದವರಿಗೆ ಉಪ್ಪೆಂದರೆ ಬರೀ ರುಚಿಯ ಸಾಮಾನಲ್ಲ, ಪೊಲೀಸು. ಮಳೆ ಹಿಡಿದರೆ ಸಾಕು, ನೆಲದ ತರಗೆಲೆಯೆಲ್ಲ ಎದ್ದು ನಿಂತು ಕಾಲಿನ ವಾಸನೆ ಹಿಡಿಯುತ್ತದೆ. ತರಗೆಲೆಯಲ್ಲ, ಇಂಬಳ, ರಕ್ತ ಕುಡಿಯುವ ಜಿಗಣೆ. ಅದನ್ನು ಎಳೆದರೆ ಬೆರಳಿಗೆ ಅಂಟುತ್ತದೆ, ಹೊಸಕಿದರೆ ಸಾಯುವುದಿಲ್ಲ. ಒಂದು ಕೋಲಿನ ತುದಿಗೆ ಉಪ್ಪಿನ ಗಂಟು ಕಟ್ಟಿ ಮುಟ್ಟಿಸಿದರೆ ಅದು ಸುರುಟಿಕೊಂಡು ಉದುರಿಬಿಡುತ್ತದೆ. ಹುಟ್ಟಿದಾಗಿನಿಂದ ಈ ಪವಾಡವನ್ನು ದಿನಕ್ಕೆ ಹತ್ತು ಸಲ ನೋಡಿದ ಮನುಷ್ಯನಿಗೆ ಉಪ್ಪಿನ ಎದುರು ನಿಲ್ಲುವ ಜೀವಿ ಇದೆ ಎಂದು ಯಾವ ಬಾಯಿಯಿಂದ ಹೇಳುವುದು?

"ಮೇಷ್ಟ್ರೇ, ಇಷ್ಟುದ್ದದ ಇಂಬ್ಳಾನೇ ಸಾಯ್ತದೆ" ಎಂದು ಭಾವ ತಮ್ಮ ಕಿರುಬೆರಳನ್ನು ನನ್ನ ಮೂಗಿನ ಮುಂದೆ ಹಿಡಿದರು. "ಕಣ್ಗೇ ಕಾಣ್ದಿರೋ ನಿಮ್ ಹುಳ ಸಾಯಲ್ವಾ?"

ನನ್ನ ವೃತ್ತಿಜೀವನದಲ್ಲಿ ನನ್ನನ್ನು ಇಷ್ಟು ಕಡಿಮೆ ಮಾತಿನಲ್ಲಿ ಯಾರೂ ಸೋಲಿಸಿರಲಿಲ್ಲ. ಆದರೂ ಸೋಲೊಪ್ಪದೆ, ಜಗಲಿಯ ಮೇಲೆಯೇ ನಿಂತು ಒಂದು ಪೀರಿಯಡ್ಡು ಪಾಠ ಮಾಡಿದೆ. ಇಂಬಳದ ಮೈ ತೇವದ ತೆಳು ಚರ್ಮ, ಉಪ್ಪು ಬಿದ್ದಲ್ಲಿ ಒಳಗಿನ ನೀರೆಲ್ಲ ಹೊರಗೆ ಬರುತ್ತದೆ. ಬ್ಯಾಕ್ಟೀರಿಯಾಕ್ಕೆ ಗಟ್ಟಿ ಗೋಡೆಯಿದೆ, ಅದು ನಿಮ್ಮ ಅಳತೆಯ ಉಪ್ಪಿಗೆ ಜಗ್ಗುವುದಿಲ್ಲ. ನೀವು ಕೊಳಕ್ಕೆ ಹಾಕಬೇಕೆಂದಿರುವುದು ಸಮುದ್ರದ ಉಪ್ಪಿನ ಹತ್ತನೇ ಒಂದು ಪಾಲೂ ಇಲ್ಲ, ಸಮುದ್ರದಲ್ಲೇ ಊರ ಕೊಳಚೆಯ ರೋಗಾಣುಗಳು ದಿನಗಟ್ಟಲೆ, ಕೆಲವು ಜಾತಿಯವು ಇನ್ನೂ ಹೆಚ್ಚು ಕಾಲ, ಬದುಕಿರುತ್ತವೆ. ಕಾಲರಾದ ಬಳಗಕ್ಕಂತೂ ಉಪ್ಪುನೀರೇ ತವರು. ನಮ್ಮ ಚರ್ಮದ ಮೇಲೆ, ಮೂಗಿನೊಳಗೆ ಕೂತು ಕುರು ಎಬ್ಬಿಸುವ ಒಂದು ಜಾತಿಯಿದೆ. ಅದನ್ನು ಬೇರೆಯವುಗಳಿಂದ ಬೇರ್ಪಡಿಸಿ ಬೆಳೆಸಬೇಕಾದಾಗ ನಾವು ಲ್ಯಾಬಿನಲ್ಲಿ ಅದರ ಊಟಕ್ಕೆ ಉಪ್ಪನ್ನೇ ಸುರಿಯುತ್ತೇವೆ. ಬೇರೆಯವು ಊಟ ಬಿಟ್ಟು ಏಳುತ್ತವೆ, ಅದೊಂದು ಚಪ್ಪರಿಸುತ್ತದೆ.

ಭಾವ ಎಲ್ಲವನ್ನೂ ಗಮನವಿಟ್ಟು ಕೇಳಿದರು. ಕೇಳಿ, ಉಪ್ಪಿನಕಾಯಿ ಯಾಕೆ ಕೆಡುವುದಿಲ್ಲ ಎಂದು ಕೇಳಿದರು. ಅದರಲ್ಲಿ ಉಪ್ಪು ವಿಪರೀತ ಇರುತ್ತದೆ, ಹುಳಿಯೂ ಇರುತ್ತದೆ, ಅಷ್ಟು ಉಪ್ಪಿದ್ದಲ್ಲಿ ಮನುಷ್ಯನೂ ಉಪ್ಪಿನಕಾಯಿಯಾಗುತ್ತಾನೆ ಎಂದೆ. ಗಂಟಲು ನೋವಿಗೆ ಉಪ್ಪುನೀರು ಯಾಕೆ ಮುಕ್ಕಳಿಸುತ್ತಾರೆ ಎಂದು ಕೇಳಿದರು. ಅಷ್ಟರಲ್ಲಿ ಜೀಪು ಬಂತು.

ದನಗಳಿಗೆ ಇಡುವ ಕಲ್ಲುಪ್ಪಿನ ಮೂಟೆಗಳು ಸಕಲೇಶಪುರದಿಂದ ಬಂದಿಳಿದವು. ತೋಟದ ರೈಟರು, ಅಂದರೆ ಆಳುಗಳ ಹಾಜರಿಯಿಂದ ಹಿಡಿದು ಗೊಬ್ಬರದವರೆಗೆ ಎಲ್ಲವನ್ನೂ ನೋಡಿಕೊಳ್ಳುವವರು, ಒಂದೊಂದೇ ಮೂಟೆಯ ಬಾಯಿ ಬಿಚ್ಚಿ ಕೊಟ್ಟರು. ಭಾವ ಪಂಚೆ ಎತ್ತಿಕಟ್ಟಿ ಕೊಳದ ಸುತ್ತ ಪ್ರದಕ್ಷಿಣೆ ಹಾಕುತ್ತ ಸುರಿದರು. ಮಂತ್ರವೊಂದು ಇರಲಿಲ್ಲ, ಅಷ್ಟೆ. ಕೊನೆಗೆ ಅಂಗೈಯಲ್ಲಿ ನೀರು ಮೊಗೆದು ರುಚಿ ನೋಡಿ, ಕಣ್ಣು ಮುಚ್ಚಿ, "ಸಾರಿನ ಹದಕ್ಕೆ ಐತೆ" ಎಂದು ಘೋಷಿಸಿದರು. ದನ ಮೇಯುವ ಬೆಟ್ಟದಿಂದ ಇಳಿದ ನೀರನ್ನು ಅವರು ಹಾಗೆ ನುಂಗಿದ್ದನ್ನು ನೋಡಿ ನಾನು ಒಳಗೆ ಹೋಗಿ ಒಂದು ಲೋಟ ಕುದಿಸಿದ ನೀರು ಕುಡಿದೆ.

ಅಕ್ಕ ಇದನ್ನೆಲ್ಲ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. ಅವಳು ಹಾಸನಕ್ಕೆ ಮಂಡಿ ತೋರಿಸಲು ಹೋದಾಗ ತೋಳೂ ಕಾಲೂ ಮುಚ್ಚುವ ಒಂದು ಈಜುಡುಗೆಯನ್ನು ಕೊಂಡು ತಂದು ಬೀರುವಿನಲ್ಲಿ ಸೀರೆಗಳ ಅಡಿಯಲ್ಲಿ ಇಟ್ಟಿದ್ದಳು. ಮಂಡಿಯ ಡಾಕ್ಟರು ನೀರಿನಲ್ಲಿ ಕಾಲಾಡಿಸಿದರೆ ಒಳ್ಳೆಯದು ಅಂದಿದ್ದರಂತೆ. ಡಾಕ್ಟರ ಮಾತು ನೆಪ ಎಂದು ಅವಳಿಗೂ ನನಗೂ ಗೊತ್ತಿತ್ತು. ಕಷ್ಟವಿದ್ದದ್ದು ಕಾಲದ್ದು. ಈ ಕಡೆ ಜೂನಿನಲ್ಲಿ ಮಳೆ ಹಿಡಿದರೆ ಮತ್ತೆ ಬಿಸಿಲು ಕಾಣುವುದು ದಸರೆಗೆ. ಕೊಳದ ನೀರು ಮಂಜುಗಡ್ಡೆಯಂತಾಗುತ್ತದೆ, ಅಂಗಳಕ್ಕೆ ಕಾಲಿಡುವುದೇ ಸಾಹಸವಾಗುತ್ತದೆ. ಮುಂದಿನ ಬೇಸಿಗೆಗೆ ಮಂಡಿ ಹೇಗಿರುತ್ತದೋ ಯಾರು ಬಲ್ಲರು? ಈಗ ಕಲಿತರೆ ಕಲಿತಳು, ಇಲ್ಲವಾದರೆ ಇಲ್ಲ.

ಸಂಜೆ ಕೊಳದ ದಂಡೆಗೆ ಬಂದು ನಿಂತು, ತಾನು ಇಳಿಯಬಹುದೇ ಎಂದು ನನ್ನನ್ನು ಕೇಳಿದಳು. ಬೇಡ ಎಂದೆ. ಇಳಿ ಎಂದರು ಭಾವ. ಅವಳು ಇಬ್ಬರ ಮುಖವನ್ನೂ ನೋಡಿದಳು.

"ನೀವಿಬ್ರೂ ಜಗಳ ಮುಗಿಸ್ಕಂಡು ಹೇಳಿ. ದಡದಲ್ಲಿ ನಿಂತ್ಕಳದು ನಂಗೇನ್ ಹೊಸದಲ್ಲ" ಅಂದು ಒಳಗೆ ಹೋದಳು.

ಅವಳು ಕೋಪಿಸಿಕೊಂಡಿದ್ದರೆ ಸುಲಭವಾಗುತ್ತಿತ್ತು. ಅವಳು ಸುಮ್ಮನೆ ಹೇಳಿದ್ದಳು.

ಭಾವ ತಮ್ಮ ಸಿದ್ಧಾಂತಕ್ಕೆ ತಾವೇ ಪ್ರಯೋಗಪಶುವಾದರು. ದಿನಾ ಬೆಳಿಗ್ಗೆ, ಸಂಜೆ ಕೊಳಕ್ಕೆ ಹಾರಿ, ಮುಳುಗಿ, ಎದ್ದು, ನನ್ನ ಕಡೆ ತಿರುಗಿ ತಾವಿನ್ನೂ ಬದುಕಿರುವುದನ್ನು ಕೈ ಎತ್ತಿ ತೋರಿಸುತ್ತಿದ್ದರು. ವಾರ ಕಳೆಯಿತು. ಒಂದು ಬೆಳಿಗ್ಗೆ ತಿಂಡಿಗೆ ಬಂದವರು ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿಕೊಂಡಿದ್ದರು. ಎಡಗಿವಿಯಲ್ಲಿ ಯಾರೋ ಗುದ್ದಲಿ ಹಿಡಿದು ಅಗೆಯುತ್ತಿದ್ದಾರೆ ಎಂದರು. ಸಕಲೇಶಪುರದ ಕಿವಿಯ ಡಾಕ್ಟರಮ್ಮ ಬೆಳಕು ಬಿಟ್ಟು ನೋಡಿ, ಯಾವ ನೀರಿನಲ್ಲಿ ಮುಳುಗಿದ್ದಿರಿ ಎಂದು ಕೇಳಿದರು. ಡ್ರಾಪ್ಸು ಬರೆದು, ಕಿವಿ ವಾಸಿಯಾಗುವವರೆಗೂ ತಲೆ ಮುಳುಗಿಸಬಾರದೆಂದು ಕಟ್ಟುನಿಟ್ಟು ಮಾಡಿ, ಇದನ್ನು ಈಜುಗಾರರ ಕಿವಿ ಅಂತಾರೆ ಎಂದು ವಿವರಿಸಿದರು. ಮನೆಗೆ ಬಂದ ಭಾವ ಅಕ್ಕನಿಗೆ ಹೇಳಿದ್ದು ಇಷ್ಟೇ: ಡಾಕ್ಟರು ತಮ್ಮನ್ನು ಈಜುಗಾರ ಎಂದು ಗುರುತಿಸಿದ್ದಾರೆ.

ಸಿದ್ಧಾಂತ ಮಾತ್ರ ಅಲುಗಲಿಲ್ಲ. ಕಿವಿನೋವು ಗಾಳಿಯಿಂದ ಬಂದದ್ದು ಎಂದಾಯಿತು. ನಾನು ವಾದಕ್ಕೆ ಇಳಿದರೆ ಹತ್ತಿ ತುರುಕಿದ ಎಡಗಿವಿಯನ್ನು ನನ್ನ ಕಡೆಗೆ ತಿರುಗಿಸಿ ಕೂರುತ್ತಿದ್ದರು. ಕಾಯಿಲೆಯನ್ನು ಇಷ್ಟು ಸಮರ್ಥವಾಗಿ ಬಳಸಿಕೊಂಡ ರೋಗಿಯನ್ನು ನಾನು ಬೇರೆ ಕಂಡಿಲ್ಲ.

ಮೇ ಅರ್ಧಕ್ಕೆ ಬಂದಿತ್ತು. ಘಟ್ಟದ ಮೇಲೆ ಮಧ್ಯಾಹ್ನಕ್ಕೇ ಮೋಡ ಕೂಡಿ, ಎಡಕುಮೇರಿಯ ಕಡೆಯಿಂದ ರೈಲಿನ ಸದ್ದು ದಿನಕ್ಕಿಂತ ಹತ್ತಿರ ಕೇಳಿಸತೊಡಗಿತು. ಅಕ್ಕ ಹಲಸಿನಹಣ್ಣು ಬಿಡಿಸುತ್ತ ಕೂತವಳು ಕೈಯ ಅಂಟು ಒರೆಸಿಕೊಂಡು, ನೀರಲ್ಲಿ ಹುಳ ಇದೆಯೋ ಇಲ್ಲವೋ ಎಂಬುದನ್ನು ಬಾಯಲ್ಲಿ ಹೇಳುವುದು ಬಿಟ್ಟು ಕಣ್ಣಿಗೆ ತೋರಿಸಲು ಬರುತ್ತದೆಯೇ ಎಂದು ನನ್ನನ್ನು ಕೇಳಿದಳು. ಬರುತ್ತದೆ ಎಂದೆ. ಹಾಗಾದರೆ ಇಷ್ಟು ದಿನ ಯಾಕೆ ತೋರಿಸಲಿಲ್ಲ ಎಂದಳು. ಪಾಠ ಮಾಡುವ ಸುಖದಲ್ಲಿ ಪ್ರಾಕ್ಟಿಕಲ್ ಮರೆತದ್ದನ್ನು ನಾನು ಹೇಗೆ ವಿವರಿಸಲಿ?

ಹಳೆಯ ಶಿಷ್ಯಳೊಬ್ಬಳು ನೀರು ಪರೀಕ್ಷೆಯ ಬಾಟಲಿಗಳನ್ನು ಹಾಸನದಿಂದ ಬಸ್ಸಿನಲ್ಲಿ ಕಳಿಸಿಕೊಟ್ಟಳು. ಬಹಳ ಸರಳವಾದ ವ್ಯವಸ್ಥೆ ಅದು. ಪುಟ್ಟ ಬಾಟಲಿಯ ತಳದಲ್ಲಿ ಒಣಗಿಸಿದ ಮದ್ದು ಇರುತ್ತದೆ. ಗೆರೆಯವರೆಗೆ ನೀರು ತುಂಬಿ, ಮುಚ್ಚಿ, ಬೆಚ್ಚಗಿನ ಜಾಗದಲ್ಲಿ ಇಡಬೇಕು. ನೀರು ತಿಳಿಯಾದ ಟೀ ಬಣ್ಣಕ್ಕೆ ತಿರುಗುತ್ತದೆ. ಅದರಲ್ಲಿ ಸಗಣಿ-ಮಲದ ಕಡೆಯ ಬ್ಯಾಕ್ಟೀರಿಯಾ ಇದ್ದರೆ ಒಂದೆರಡು ದಿನದಲ್ಲಿ ಬಾಟಲಿ ಕಾಡಿಗೆಯ ಹಾಗೆ ಕಪ್ಪಾಗುತ್ತದೆ. ಒಂದರಲ್ಲಿ ಒರತೆಯ ನೀರು, ಒಂದರಲ್ಲಿ ಕೊಳದ ನೀರು, ಒಂದರಲ್ಲಿ ಕುದಿಸಿ ಆರಿಸಿದ ಕುಡಿಯುವ ನೀರು ತುಂಬಿದೆ. ಭಾವ ಸುಮ್ಮನಿರಲಿಲ್ಲ. ಮಾವಿನಮಿಡಿಯ ಭರಣಿಯ ಉಪ್ಪುನೀರನ್ನು ಒಂದು ಲೋಟದಲ್ಲಿ ತಂದು, ಇದನ್ನೂ ಇಡಬೇಕು, ಇಲ್ಲವಾದರೆ ಪರೀಕ್ಷೆ ಏಕಪಕ್ಷೀಯ ಎಂದರು. ಅಕ್ಕ ಹೂಂ ಅಂದಳು. ನಾಲ್ಕು ಬಾಟಲಿಗಳೂ ಒಲೆಯ ಪಕ್ಕದ ಹಲಗೆಯ ಮೇಲೆ, ಕಾಫಿಪುಡಿ ಡಬ್ಬಿಯ ಪಕ್ಕದಲ್ಲಿ ಸ್ಥಾಪನೆಯಾದವು.

ಮಾರನೆಯ ದಿನ ಕಾಫಿ ಹೊತ್ತಿಗೆ ಒರತೆಯ ಬಾಟಲಿ ಕಪ್ಪಾಗಿತ್ತು. ಕುದಿಸಿದ ನೀರು ಟೀ ಬಣ್ಣದಲ್ಲೇ ಇತ್ತು. ಮಿಡಿಯ ಉಪ್ಪುನೀರೂ ಅಲ್ಲಾಡಿರಲಿಲ್ಲ. ಕೊಳದ ಬಾಟಲಿ ತಳದಲ್ಲಿ ಸ್ವಲ್ಪ ಮಸುಕಾಗಿತ್ತು, ಅಷ್ಟೆ. ಭಾವ ನನ್ನ ಬೆನ್ನು ತಟ್ಟಿ, ಪಾಪ ಬೇಜಾರು ಮಾಡಿಕೊಳ್ಳಬೇಡಿ, ಓದಿದವರೂ ತಪ್ಪುವುದುಂಟು ಎಂದು ಸಮಾಧಾನ ಹೇಳಿದರು. ಸಂಜೆ ರೈಟರಿಗೂ ಸುದ್ದಿ ಮುಟ್ಟಿಸಿ ಬಂದರು. ಎರಡನೆಯ ಬೆಳಿಗ್ಗೆ ಅಕ್ಕ ಒಲೆಯ ಮುಂದಿನಿಂದಲೇ ಗಂಡನನ್ನು ಕರೆದಳು. ಕೊಳದ ಬಾಟಲಿ ಒರತೆಯದಕ್ಕಿಂತ ಕಪ್ಪಾಗಿ, ಹಿಂದೆ ದೀಪ ಹಿಡಿದರೂ ಬೆಳಕು ಕಾಣದಂತೆ ನಿಂತಿತ್ತು.

ಭಾವ ಬಾಟಲಿಯನ್ನು ಎತ್ತಿ, ತಿರುಗಿಸಿ, ಅಲ್ಲಾಡಿಸಿ ನೋಡಿದರು. ಆಮೇಲೆ ಮಿಡಿಯ ಬಾಟಲಿಯನ್ನು ಎತ್ತಿ ಹಿಡಿದು, ಉಪ್ಪು ಹೆಚ್ಚು ಹಾಕಿದರೆ ಆಗುತ್ತದೆ ಎಂಬುದಂತೂ ಇದರಿಂದ ಸಾಬೀತಾಯಿತಲ್ಲ ಎಂದರು.

"ಹಂಗಾರೆ ನನ್ನನ್ನ ಭರಣಿಗೇ ಹಾಕ್‌ಬುಡಿ" ಅಂದಳು ಅಕ್ಕ. "ಒಗ್ಗರಣೆ ನೀವೇ ಹಾಕಿ."

ನಾನು ಗೆದ್ದಿದ್ದೆ. ಗೆದ್ದು ಜಗಲಿಯ ಮೇಲೆ ಕಾಲುಚಾಚಿ ಕೂತೆ. ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಅಕ್ಕನ ಈಜು ಮಾತ್ರ ಇದ್ದಲ್ಲೇ ಇತ್ತು. ಕೊಳ ಕೆಟ್ಟದ್ದು ಎಂಬುದು ನನ್ನ ವಿಜಯ, ಅವಳಿಗೆ ಅದರಿಂದ ಏನು ಬಂತು? ಇದು ನನಗೆ ಹೊಳೆಯುವ ಹೊತ್ತಿಗೆ ಅವಳು ಫೋನು ಹಿಡಿದು ಅಂಗಳದ ಮೂಲೆಗೆ, ಸಿಗ್ನಲ್ ಸಿಗುವ ಹಲಸಿನ ಮರದ ಬುಡಕ್ಕೆ ಹೋಗಿದ್ದಳು. ಉಪ್ಪುನೀರಿನ ಕೊಳದ ಕಥೆ ಹೇಳಿದ್ದ ಆ ಅತಿಥಿ ಹೆಂಗಸಿಗೇ ಫೋನು ಮಾಡಿ, ಅಂದು ಭಾವ ಕೇಳದೆ ಎದ್ದುಹೋದ ಉಳಿದರ್ಧವನ್ನು ಪೂರ್ತಿ ಕೇಳಿಸಿಕೊಂಡು, ಒಂದು ಫೋಟೋವನ್ನೂ ತರಿಸಿಕೊಂಡು ಬಂದಳು.

ಫೋಟೋದಲ್ಲಿ ಪಂಪಿನ ಪಕ್ಕ ಗೋಡೆಗೆ ಒಂದು ಪೆಟ್ಟಿಗೆ ಇತ್ತು. ಉಪ್ಪುನೀರು ಅದರ ಮೂಲಕ ಹಾದುಹೋಗುವಾಗ ಕರೆಂಟು ಹಾಯಿಸಿ, ಉಪ್ಪಿನೊಳಗಿನ ಕ್ಲೋರಿನ್ನನ್ನು ಬಿಡಿಸಿಕೊಳ್ಳುವ ಯಂತ್ರ. ಅಂದರೆ ಉಪ್ಪಿನ ಕೊಳವೂ ಕ್ಲೋರಿನ್ನಿನ ಕೊಳವೇ. ಕೊಲ್ಲುವುದು ಉಪ್ಪಲ್ಲ, ಉಪ್ಪಿನಿಂದ ತೆಗೆದದ್ದು. ಭಾವ ಯಂತ್ರವಿಲ್ಲದೆ ಕಚ್ಚಾ ಸಾಮಗ್ರಿ ಮಾತ್ರ ಸುರಿದು ಕಾರ್ಖಾನೆ ಉದ್ಘಾಟಿಸಿದ್ದರು. ನಾನಾದರೂ ಏನು? ಉಪ್ಪು ಕೊಲ್ಲುವುದಿಲ್ಲ ಎಂದು ತಿಂಗಳಿಡೀ ಗಂಟಲು ಹರಿದುಕೊಂಡೆನೇ ಹೊರತು, ಹಾಗಾದರೆ ಆ ರೆಸಾರ್ಟಿನವರ ಕೊಳದಲ್ಲಿ ಕೊಲ್ಲುತ್ತಿದ್ದದ್ದು ಏನು ಎಂಬ ಪ್ರಶ್ನೆ ನನಗೆ ಬರಲೇ ಇಲ್ಲ. ಈ ಮನೆಯಲ್ಲಿ ಈಜಬೇಕೆಂದು ನಿಜವಾಗಿ ಬಯಸಿದ್ದವಳು ಒಬ್ಬಳೇ. ಕೇಳಬೇಕಾದ್ದನ್ನು ಕೇಳಿದವಳೂ ಅವಳೇ.

ಭಾವ ಫೋಟೋವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು. ನಂತರ, "ಅಂದ್ರೆ ಉಪ್ಪಲ್ಲಿ ಶಕ್ತಿ ಐತೆ ಅಂದಂಗಾಯ್ತು" ಎಂದರು.

"ಐತೆ ಮಾರಾಯ್ರೆ, ಐತೆ. ಎದ್ದು ಪೊರಕೆ ಹಿಡೀರಿ" ಅಂದಳು ಅಕ್ಕ.

ಪೊರಕೆಯ ಸಲಹೆ ನನ್ನದು. ಕೊಳದ ಗೋಡೆಗೆ ಕೈಯಿಟ್ಟರೆ ಜಾರುತ್ತಿತ್ತು. ರೋಗಾಣುಗಳು ಗೋಡೆಗೆ ಅಂಟಿ, ತಾವೇ ನೇಯ್ದ ಲೋಳೆಯ ಕಂಬಳಿ ಹೊದ್ದು ಮಲಗಿದರೆ ಕ್ಲೋರಿನ್ನೂ ಸುಲಭವಾಗಿ ಒಳಗೆ ಇಳಿಯುವುದಿಲ್ಲ. ಮೊದಲು ಕಂಬಳಿ ಕೀಳಬೇಕು. ನೀರು ಖಾಲಿ ಮಾಡಿ ಉಜ್ಜೋಣ ಎಂದು ನಾನು ಹೇಳಿದ್ದೇ ತಡ, ಇದುವರೆಗೆ ಒಂದು ಮಾತೂ ಆಡದಿದ್ದ ರೈಟರು ಅಡ್ಡ ಬಂದರು. ಕೊಳದ ಕೆಳಗೆ ರೊಬಸ್ಟಾ ಕಾಫಿಯ ತೋಟ; ಈ ಉಪ್ಪುನೀರು ಅಲ್ಲಿಗೆ ಇಳಿದರೆ ಗಿಡಗಳೆಲ್ಲ ಒಣಗಿ ಹೋಗುತ್ತವೆ ಎಂದರು. ಸರಕಾರ ನೇಮಿಸಿದ ಅಧಿಕಾರಿಯನ್ನು ಕಿತ್ತುಹಾಕಲಾಗದ ಹಾಗೆ, ಸುರಿಯುವುದು ಸುಲಭವಾಗಿದ್ದ ಉಪ್ಪನ್ನು ತೆಗೆಯುವುದಕ್ಕೆ ಯಾವ ದಾರಿಯೂ ಇರಲಿಲ್ಲ. ಆದ್ದರಿಂದ ನೀರು ಇದ್ದ ಹಾಗೆಯೇ ಉಜ್ಜಿದೆವು. ಕಣ ಗುಡಿಸುವ ಪೊರಕೆಗಳಿಗೆ ಉದ್ದನೆಯ ಗಳ ಕಟ್ಟಿ ನಾನು ಒಂದು ದಡ, ಭಾವ ಒಂದು ದಡ, ದೋಣಿ ನಡೆಸುವವರ ಹಾಗೆ ಬಗ್ಗಿ ಬಗ್ಗಿ ಉಜ್ಜುತ್ತಿದ್ದರೆ, ಅಕ್ಕ ಮೆಟ್ಟಿಲಿನ ಕಡೆಯ ದಂಡೆಯ ಮೇಲೆ ಕುರ್ಚಿ ಹಾಕಿಕೊಂಡು ಅಲ್ಲಿ ಉಳಿಯಿತು, ಇಲ್ಲಿ ಉಳಿಯಿತು ಎಂದು ತೋರಿಸುತ್ತಿದ್ದಳು. ತಾನೂ ಒಂದು ಪೊರಕೆ ಹಿಡಿಯಲೇ ಎಂದು ಅವಳು ಕೇಳಲಿಲ್ಲ, ನಾವೂ ಕೇಳಲಿಲ್ಲ. ಆ ಸಂಜೆ ನಾವು ಮೂವರೂ ನಕ್ಕಷ್ಟು ಈ ತೋಟದ ಮನೆಯಲ್ಲಿ ಯಾವ ಹಬ್ಬದಲ್ಲೂ ನಕ್ಕಿಲ್ಲ.

ಅಂಥ ಪೆಟ್ಟಿಗೆಗೆ ವಿಚಾರಿಸಿದರೆ, ಮಂಗಳೂರಿನಿಂದ ಬರಲು ದಿನ ಹಿಡಿಯುತ್ತದೆ ಎಂದು ಅಂಗಡಿಯವರು ಹೇಳಿದರು. ಮೋಡ ಕಾಯುವುದಿಲ್ಲವಲ್ಲ. ಪೆಟ್ಟಿಗೆ ಬಂದಾಗ ಬರಲಿ, ಸದ್ಯಕ್ಕೆ ಕ್ಲೋರಿನ್ನನ್ನು ಕೈಯಲ್ಲೇ ಹಾಕಿ ಎಂದು ಅಕ್ಕನ ಅಪ್ಪಣೆಯಾಯಿತು. ಹಾಕಿದೆವು. ಮೊದಲ ದಿನ ಹಾಕಿದ್ದೆಲ್ಲ ಮಧ್ಯಾಹ್ನದೊಳಗೆ ಮಾಯ. ಅಳತೆ ನೋಡುವ ಕಾಗದದ ಪಟ್ಟಿ ಅದ್ದಿದರೆ ಬಣ್ಣವೇ ಬರಲಿಲ್ಲ. ಭಾವನಿಗೆ ಒಳಗೊಳಗೇ ಸಂತೋಷವಾದದ್ದು ಕಾಣುತ್ತಿತ್ತು. ಬಿಸಿಲು ತಿಂದದ್ದು ಒಂದು ಪಾಲು, ಕೊಳೆ ತಿಂದದ್ದು ಇನ್ನೊಂದು ಪಾಲು ಎಂದು ವಿವರಿಸಿದೆ. ಕೊಳದಲ್ಲಿ ಮೂಗಿಗೆ ಬಡಿಯುವ ಗಾಟು ಬಹುಪಾಲು ಕ್ಲೋರಿನ್ನಿನದಲ್ಲ, ಅದು ಜನರ ಬೆವರು ಮತ್ತು ಹೇಳಬಾರದ ಇನ್ನೊಂದರ ಜೊತೆ ಸೇರಿದಾಗ ಹುಟ್ಟುವ ವಾಸನೆ ಎಂದೂ ಹೇಳಿದೆ. ಭಾವ ತಕ್ಷಣ ಆಕಾಶ ನೋಡಿದರು. ಪಂಪು ಓಡಿಸಿ ಇನ್ನೂ ಎರಡು ದಿನ ಹಾಕಿದ ಮೇಲೆ ಕಾಗದದ ಬಣ್ಣ ಬೆಳಿಗ್ಗೆಯೂ ಸಂಜೆಯೂ ನಿಂತಿತು. ಕೊಳದ ನೀರನ್ನು ಹೊಸ ಬಾಟಲಿಗೆ ತುಂಬಿ ಹಲಗೆಯ ಮೇಲಿಟ್ಟೆವು. ಈ ಬಾಟಲಿ ಹೇಳುವುದು ಹೊಟ್ಟೆಯ ರೋಗಗಳ ವಿಚಾರ ಮಾತ್ರ, ಭಾವನ ಕಿವಿ ಕೊರೆದಂಥವುಗಳ ಬಗ್ಗೆ ನಾವು ನಂಬಬೇಕಾದದ್ದು ಪೊರಕೆಯನ್ನು ಮತ್ತು ಆ ಕಾಗದವನ್ನು ಎಂದು ಅಕ್ಕನಿಗೆ ಹೇಳಿದೆ. ಅವಳು ತಲೆಯಾಡಿಸಿದಳು.

ಆ ಎರಡು ದಿನ ಅವಳು ಕಾಫಿಪುಡಿಗೆ ಕೈ ಹಾಕಿದಾಗಲೆಲ್ಲ ಬಾಟಲಿ ನೋಡುತ್ತಿದ್ದಳು. ಮನೆಯಲ್ಲಿ ದಿನದ ಕಾಫಿಯ ಲೆಕ್ಕ ಹೆಚ್ಚಾಯಿತು. ಒಂದು ಮಧ್ಯಾಹ್ನ ಗುಡುಗಿ ನಾಲ್ಕು ಹನಿ ಬಿದ್ದಾಗ ಅವಳು ಹೊರಗೆ ಬಂದು ಆಕಾಶಕ್ಕೆ ಮುಖ ಮಾಡಿ ನಿಂತಳು. ಯಾರಿಗೋ ಒಂದು ನಿಮಿಷ ಇರಿ ಎನ್ನುವ ಹಾಗೆ. ಮೋಡ ಹಾಸನದ ಕಡೆಗೆ ಹೋಯಿತು. ಬಾಟಲಿ ಟೀ ಬಣ್ಣದಲ್ಲೇ ಉಳಿಯಿತು.

ಮಾರನೆಯ ಬೆಳಿಗ್ಗೆ ಅವಳು ಈಜುಡುಗೆಯ ಮೇಲೆ ನೈಟಿ ಹಾಕಿಕೊಂಡು, ಸೋಪು ಹಚ್ಚಿ ಸ್ನಾನ ಮಾಡಿದ ಒದ್ದೆ ತಲೆಯಲ್ಲಿ ಬಂದಳು. ಕೊಳಕ್ಕಿಳಿಯುವ ಮುಂಚೆ ಸ್ನಾನ ಮಾಡಬೇಕೆಂಬ ನನ್ನ ನಿಯಮವನ್ನು ಈ ಮನೆಯಲ್ಲಿ ಮೊದಲು ಪಾಲಿಸಿದವಳು ಅವಳು. ನನ್ನನ್ನೂ ವಾಪಸು ಬಚ್ಚಲಿಗೆ ಕಳಿಸಿದಳು. ನಾನು ಬರುವ ಹೊತ್ತಿಗೆ ನೈಟಿ ಕೊಳದಂಚಿನ ಹಿಡಿಕಂಬಿಯ ಮೇಲಿತ್ತು, ಅವಳು ಕೊನೆಯ ಮೆಟ್ಟಿಲಿನ ಮೇಲೆ ಸೊಂಟದವರೆಗೆ ನೀರಿನಲ್ಲಿ ನಿಂತು, ಎರಡೂ ಕೈಯಲ್ಲಿ ಸುತ್ತಲಿನ ನೀರನ್ನು ಮೆಲ್ಲಗೆ ತಳ್ಳಿ ತಳ್ಳಿ ನೋಡುತ್ತಿದ್ದಳು.

ಕಲಿಸುವುದು ನನ್ನ ಪಾಲಿಗೆ ಬಂತು. ನನಗೆ ಗೊತ್ತಿದ್ದ ಏಕೈಕ ವಿಧಾನ ಎತ್ತಿ ಎಸೆಯುವುದು. ಅಕ್ಕನಿಗೆ ಅದು ಅನ್ವಯವಾಗುವಂತಿರಲಿಲ್ಲ. ಆದ್ದರಿಂದ ಮೊದಲು ಮುಖ ಮುಳುಗಿಸಿ ಉಸಿರು ಬಿಡುವುದು, ಆಮೇಲೆ ಕಂಬಿ ಹಿಡಿದು ಕಾಲು ಬಡಿಯುವುದು, ಆಮೇಲೆ ಅಂಗಾತ ಮಲಗುವುದು ಎಂದು ನಾನೇ ಒಂದು ಪಠ್ಯಕ್ರಮ ಹೂಡಿದೆ. ಮೊದಲ ದಿನ ಅವಳು ಕೊಳದ ನೀರನ್ನು ಸಾಕಷ್ಟು ಕುಡಿದಳು. ಕೆಮ್ಮುತ್ತ, ಮೂಗು ಒರೆಸಿಕೊಳ್ಳುತ್ತ, ಇದು ಸಾರಿನ ಹದವೇ ಅಲ್ಲ, ಸಪ್ಪೆ ಎಂದು ಗಂಡನಿಗೆ ವರದಿ ಮಾಡಿದಳು. ಡಾಕ್ಟರಮ್ಮನ ಆಜ್ಞೆಯಿಂದ ದಡದಲ್ಲೇ ಉಳಿದ ಭಾವ ಕಿವಿಗೆ ಹತ್ತಿ, ತಲೆಗೆ ಟವೆಲು ಸುತ್ತಿಕೊಂಡು ಉದ್ದಕ್ಕೂ ಓಡಾಡುತ್ತ ಆಕಾಶವಾಣಿಯವರಂತೆ ವೀಕ್ಷಕ ವಿವರಣೆ ಕೊಡುತ್ತಿದ್ದರು. ಅವಳ ಬೆನ್ನ ಕೆಳಗೆ ನಾನು ಅಂಗೈ ಇಟ್ಟು ಹಿಡಿದರೆ, ಕುತ್ತಿಗೆ ಬಿಗಿ ಹಿಡಿದು ಬಿಡಬೇಡ, ಬಿಡಬೇಡ ಎನ್ನುತ್ತಿದ್ದಳು. ಮೂರನೆಯ ಬೆಳಿಗ್ಗೆಯೋ ನಾಲ್ಕನೆಯದೋ, ಹಾಗೆ ಅನ್ನುವುದನ್ನು ನಿಲ್ಲಿಸಿದಳು. ನಾನು ಕೈ ತೆಗೆದೆ. ಅವಳು ಮೇಲಿನ ಸಿಲ್ವರ್ ಓಕ್ ಮರದ ತುದಿ ನೋಡುತ್ತ ತೇಲುತ್ತಿದ್ದಳು. ಕೈ ತೆಗೆದದ್ದು ಅವಳಿಗೆ ಗೊತ್ತಿತ್ತು. ಕಿವಿ ನೀರಿನೊಳಗಿದ್ದುದರಿಂದ ಭಾವನ ವಿವರಣೆ ಮಾತ್ರ ಅವಳಿಗೆ ಕೇಳುತ್ತಿರಲಿಲ್ಲ, ಅದರ ಲಾಭವೂ ಮುಖದ ಮೇಲೆ ಕಾಣುತ್ತಿತ್ತು.

ಅಡ್ಡಕ್ಕೆ ಈಜಿದ್ದು ಒಂದು ಭಾನುವಾರ. ಅತಿಥಿಗಳು ಇರಲಿಲ್ಲ. ಮೆಟ್ಟಿಲಿನ ಕಡೆಯ ಗೋಡೆಗೆ ಕಾಲು ಒತ್ತಿ, ಮುಖ ಮುಳುಗಿಸಿ ಹೊರಟಳು. ನಾನು ಪಕ್ಕದಲ್ಲಿ ನಡೆಯುತ್ತಿದ್ದೆ. ಭಾವ ಅಷ್ಟು ಹೊತ್ತೂ ಮಾತು ನಿಲ್ಲಿಸಿದ್ದು ನಾನು ಬಲ್ಲಂತೆ ಅದೊಂದೇ ಸಲ. ಕೈಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ, ಕಾಲು ಬೇಕಾದ್ದಕ್ಕಿಂತ ಹೆಚ್ಚು ಸದ್ದು ಮಾಡುತ್ತಿತ್ತು, ನಡುವೆ ಒಮ್ಮೆ ದಾರಿ ತಪ್ಪಿ ನನ್ನ ಹೊಟ್ಟೆಗೆ ಗುದ್ದಿದಳು. ನಿಲ್ಲಲಿಲ್ಲ. ಎದುರಿನ ಟೈಲ್ಸಿಗೆ ಬೆರಳು ತಾಗಿದಾಗ ತಲೆ ಎತ್ತಿ, ಕಂಬಿ ಹಿಡಿದು, ಕೂದಲಿನ ನೀರು ಸುರಿಸಿಕೊಂಡು, ಬಂದ ದಾರಿಯನ್ನು ತಿರುಗಿ ನೋಡಿದಳು. ಬಹಳ ದೂರವೇನಲ್ಲ, ಒಂದು ಅಂಗಳದ ಅಗಲ.

ಭಾವ ಟವೆಲು ಹಿಡಿದು ಬಗ್ಗಿ ನಿಂತು, ಸಾಕು ಮೇಲೆ ಬಾ, ಹೊಟ್ಟೆ ಹಸಿದಿರುತ್ತದೆ ಎಂದರು.

"ನಿಮ್ಗೆ ಹಸಿವಾದ್ರೆ ಬಡಿಸ್ಕಂಡು ಉಣ್ಣಿ" ಅಂದಳು ಅಕ್ಕ. ಏದುಸಿರು ಇನ್ನೂ ಇಳಿದಿರಲಿಲ್ಲ. "ನಾನು ವಾಪಸ್ ಈಜ್ಕಂಡ್ ಹೋಯ್ತೀನಿ. ಲೋ, ನೀನು ಪಕ್ಕಕ್ಕೆ ಸರ್ಕೋ, ಅಡ್ಡ ಆಯ್ತೀಯ."

ನಾನು ಸರಿದು ಮೇಲೆ ಹತ್ತಿದೆ. ಅವಳು ಗೋಡೆಗೆ ಕಾಲು ಒತ್ತಿ ಮತ್ತೆ ಹೊರಟಳು, ಈ ಸಲ ಪಕ್ಕದಲ್ಲಿ ಯಾರೂ ಇರಲಿಲ್ಲ. ಭಾವ ಮತ್ತು ನಾನು ಅಡುಗೆಮನೆಗೆ ಹೋಗಿ ಅನ್ನದ ಪಾತ್ರೆಯ ಮುಚ್ಚಳ ತೆಗೆದು, ತಟ್ಟೆ ಎಲ್ಲಿವೆ ಎಂದು ಹುಡುಕುತ್ತಿದ್ದೆವು. ಕಿಟಕಿಯಿಂದ ನೀರು ಬಡಿಯುವ ಸದ್ದು ಕೇಳುತ್ತಲೇ ಇತ್ತು.